ಉಸಿರು ಕಾಯುವವರು ಯಾರು?

ಆಪರೇಷನ್ ಟೇಬಲ್ ಮೇಲೆ ಯಾರಾದರೂ ತೀರಿಕೊಂಡರೆ ಮರುದಿನದ ಪತ್ರಿಕೆಯ ಜಿಲ್ಲಾ ಪುಟಕ್ಕೆ ಒಂದು ತಲೆಬರಹ ಸಿದ್ಧವಾಗಿರುತ್ತದೆ: ‘ಅನಸ್ತೇಶಿಯ ಓವರ್‌ಡೋಸ್: ರೋಗಿ ಸಾವು, ಸಂಬಂಧಿಕರ ಪ್ರತಿಭಟನೆ’. ಆಸ್ಪತ್ರೆಯ ಮುಂದೆ ಗಲಾಟೆಯಾಗುತ್ತದೆ, ಗಾಜು ಒಡೆಯುತ್ತದೆ, ಪೊಲೀಸರು ಬರುತ್ತಾರೆ, ಯಾರೋ ನಡುವೆ ಬಂದು ಒಂದು ಮೊತ್ತಕ್ಕೆ ಒಪ್ಪಿಸುತ್ತಾರೆ. ಒಳಗೆ ನಿಜವಾಗಿ ನಡೆದದ್ದೇನು ಎಂಬುದು ಮಾತ್ರ ಹೊರಗೆ ಬರುವುದಿಲ್ಲ. ಜನರ ಮನಸ್ಸಿನಲ್ಲಿ ಉಳಿಯುವುದು ಒಂದೇ: ಮತ್ತಿನ ಮದ್ದು ವಿಷದಂಥದ್ದು, ಅಳತೆ ಒಂದಿಷ್ಟು ತಪ್ಪಿದರೂ ಮನುಷ್ಯ ಏಳುವುದಿಲ್ಲ. ಈ ಹೆದರಿಕೆಯಿಂದಲೇ ಹರ್ನಿಯಾ, ಪಿತ್ತಕೋಶದ ಕಲ್ಲು, ಗರ್ಭಕೋಶದ ಗಡ್ಡೆಯನ್ನು ವರ್ಷಗಟ್ಟಲೆ ಹೊತ್ತು ತಿರುಗುವವರು ನಮ್ಮ ಮನೆಗಳಲ್ಲೇ ಇದ್ದಾರೆ. ಕೊನೆಗೆ ಕರುಳು ಸಿಕ್ಕಿಕೊಂಡೋ, ಸೋಂಕು ಮೈಗೆಲ್ಲ ಹರಡಿಯೋ ನಡುರಾತ್ರಿ ಆಸ್ಪತ್ರೆ ಸೇರುತ್ತಾರೆ. ಹಗಲು ಹೊತ್ತಿನಲ್ಲಿ ನಿರಾತಂಕವಾಗಿ ಮುಗಿಯಬಹುದಾಗಿದ್ದ ಅದೇ ಆಪರೇಷನ್ ಆಗ ಹಲವು ಪಟ್ಟು ಅಪಾಯಕಾರಿಯಾಗಿರುತ್ತದೆ.

ಹೆದರಿಕೆ ಇರಬಾರದು ಎಂದು ನಾನು ಹೇಳುವುದಿಲ್ಲ. ಯಾವುದಕ್ಕೆ ಹೆದರಬೇಕು ಎಂಬುದು ತಿಳಿದಿರಬೇಕು ಎನ್ನುತ್ತೇನೆ. ಪೂರ್ಣ ಅರಿವಳಿಕೆಯಲ್ಲಿ ಇವತ್ತು ಬಳಸುವ ಔಷಧಗಳು ಒಟ್ಟಾರೆ ಸುರಕ್ಷಿತ. ರೋಗಿಯ ಜೀವ ನಿಂತಿರುವುದು ಆ ಔಷಧ ಮೈಯಲ್ಲಿರುವಷ್ಟು ಹೊತ್ತು ಅವನ ಉಸಿರನ್ನು ಕಾಯುವವರು ಯಾರು, ಏನನ್ನು ನೋಡಿಕೊಂಡು ಕಾಯುತ್ತಾರೆ, ಎಲ್ಲಿಯವರೆಗೆ ಕಾಯುತ್ತಾರೆ ಎಂಬುದರ ಮೇಲೆ. ನಮ್ಮ ಸಣ್ಣ ಊರುಗಳ ಆಸ್ಪತ್ರೆಗಳಲ್ಲಿ ಕೊರತೆ ಇರುವುದು ಈ ಕಾವಲಿನಲ್ಲಿ. ಅದರ ಬಗ್ಗೆ ನಾವು ಪ್ರಶ್ನೆ ಕೇಳುವುದೇ ಇಲ್ಲ.

ಮೈಕೆಲ್ ಜಾಕ್ಸನ್ ಸಾವನ್ನೇ ನೋಡಿ. 2009ರಲ್ಲಿ ಲಾಸ್ ಏಂಜಲೀಸ್‌ನ ಮನೆಯಲ್ಲಿ, ನಿದ್ದೆ ಬರಲೆಂದು ಅವರ ಖಾಸಗಿ ವೈದ್ಯ ಪ್ರೊಪೋಫಾಲ್ ಕೊಡುತ್ತಿದ್ದರು. ಹಾಲಿನಂತೆ ಬೆಳ್ಳಗಿರುವ ಈ ಔಷಧವನ್ನು ಜಗತ್ತಿನಾದ್ಯಂತ ದಿನವೂ ಲಕ್ಷಾಂತರ ಮಂದಿಗೆ ಆಪರೇಷನ್‌ಗೆ ಮುನ್ನ ರಕ್ತನಾಳಕ್ಕೆ ಕೊಡುತ್ತಾರೆ. ಕೊಟ್ಟ ಅರ್ಧ ನಿಮಿಷಕ್ಕೆ ಪ್ರಜ್ಞೆ ಹೋಗುತ್ತದೆ, ಬಹುತೇಕರ ಉಸಿರಾಟವೂ ನಿಲ್ಲುತ್ತದೆ. ಆಪರೇಷನ್ ಥಿಯೇಟರ್‌ನಲ್ಲಿ ಇದು ದಿನನಿತ್ಯದ ಸಂಗತಿ. ಅರಿವಳಿಕೆ ತಜ್ಞರು ಮುಖಕ್ಕೆ ಮಾಸ್ಕ್ ಒತ್ತಿ ಹಿಡಿದು ಚೀಲ ಅದುಮಿ ಉಸಿರು ಕೊಡುತ್ತಾರೆ, ಆಮೇಲೆ ಗಂಟಲಿಗೆ ಕೊಳವೆ ಇಳಿಸುತ್ತಾರೆ. ಜಾಕ್ಸನ್ ಮಲಗಿದ್ದ ಕೋಣೆಯಲ್ಲಿ ಅಗತ್ಯ ಸಲಕರಣೆ ಪೂರ್ತಿ ಇರಲಿಲ್ಲ, ಸರಿಯಾದ ಮಾನಿಟರ್ ಇರಲಿಲ್ಲ, ವೈದ್ಯರೂ ಕೋಣೆಯಿಂದ ಆಚೆ ಹೋಗಿದ್ದರು. 2011ರಲ್ಲಿ ನ್ಯಾಯಾಲಯ ಆ ವೈದ್ಯರನ್ನು ಅಪರಾಧಿ ಎಂದು ತೀರ್ಮಾನಿಸಿತು. ಥಿಯೇಟರ್‌ನಲ್ಲಿ ಜೀವ ಉಳಿಸಿಕೊಡುವ ಔಷಧವೇ ಆ ಕೋಣೆಯಲ್ಲಿ ಜೀವ ತೆಗೆಯಿತು. ಓವರ್‌ಡೋಸ್ ಎಂದು ಬರೆದು ಮುಗಿಸಿದರೆ ಈ ವ್ಯತ್ಯಾಸ ಕಾಣದೆ ಹೋಗುತ್ತದೆ.

ಔಷಧವೇ ಕೊಲ್ಲುತ್ತಿದ್ದ ಕಾಲವೂ ಒಂದಿತ್ತು, ಅದನ್ನು ಮುಚ್ಚಿಡಬೇಕಿಲ್ಲ. 1846ರ ಅಕ್ಟೋಬರ್ 16ರಂದು ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯ ಈಥರ್ ಕೊಟ್ಟು, ರೋಗಿ ಚೀರದಂತೆ ಕತ್ತಿನ ಗಡ್ಡೆ ತೆಗೆಯುವುದು ಸಾಧ್ಯವೆಂದು ತೋರಿಸಿದ. ಮರುವರ್ಷವೇ ಎಡಿನ್‌ಬರೊದಲ್ಲಿ ಜೇಮ್ಸ್ ಯಂಗ್ ಸಿಂಪ್ಸನ್ ಕ್ಲೋರೋಫಾರ್ಮ್ ತಂದ. ಇನ್ನೂ ಮೂರು ತಿಂಗಳು ತುಂಬಿರಲಿಲ್ಲ, 1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ಹತ್ತಿರದ ಹಳ್ಳಿಯಲ್ಲಿ ಹದಿನೈದು ವರ್ಷದ ಹಾನ್ನಾ ಗ್ರೀನರ್ ಎಂಬ ಹುಡುಗಿ ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳಲು ಕುರ್ಚಿಯಲ್ಲಿ ಕುಳಿತು, ಕ್ಲೋರೋಫಾರ್ಮ್ ಮೂಸಿ, ಕೆಲವೇ ನಿಮಿಷಗಳಲ್ಲಿ ಸತ್ತಳು. ಅರಿವಳಿಕೆಯಿಂದಾದ ಸಾವೆಂದು ದಾಖಲಾದ ಮೊದಲನೆಯದು ಇದು. ಕಾಲ್ಬೆರಳಿನ ಉಗುರಿಗಾಗಿ ಒಂದು ಹುಡುಗಿಯ ಜೀವ ಹೋಯಿತೆಂಬುದು ಆ ಕಾಲದ ವೈದ್ಯರನ್ನು ದಶಕಗಳ ಕಾಲ ಕಾಡಿತು.

ಆ ಸಾವುಗಳ ಕಾರಣ ಹುಡುಕಿದ ದೊಡ್ಡ ಪ್ರಯತ್ನವೊಂದು ನಡೆದದ್ದು ನಮ್ಮ ಪಕ್ಕದ ಹೈದರಾಬಾದಿನಲ್ಲಿ. ರಾಯಚೂರು, ಕಲಬುರಗಿ, ಬೀದರ್ ಆಗ ನಿಜಾಮರ ಆಳ್ವಿಕೆಯಲ್ಲೇ ಇದ್ದವು. ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ ಕ್ಲೋರೋಫಾರ್ಮ್‌ನಲ್ಲಿ ಅಚಲ ನಂಬಿಕೆ ಇಟ್ಟಿದ್ದವನು. ಉಸಿರಾಟವನ್ನು ಮಾತ್ರ ಗಮನಿಸಿದರೆ ಸಾಕು, ಹೃದಯ ತಾನಾಗಿ ನಿಲ್ಲುವುದಿಲ್ಲ ಎಂಬುದು ಅವನ ವಾದ. 1888 ಮತ್ತು 1889ರಲ್ಲಿ ನಿಜಾಮ ಮಹಬೂಬ್ ಅಲಿ ಖಾನರ ಹಣದಿಂದ ಎರಡು ಕ್ಲೋರೋಫಾರ್ಮ್ ಆಯೋಗಗಳು ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿದವು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್‌ನಂಥ ಔಷಧ ವಿಜ್ಞಾನಿಯೇ ಬಂದ. ಹೈದರಾಬಾದಿನ ವೈದ್ಯಕೀಯ ಶಾಲೆಯಲ್ಲೇ ಕಲಿತ ರೂಪಾಬಾಯಿ ಫರ್ದೂನ್‌ಜಿ ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಒಬ್ಬರೆನಿಸಿಕೊಂಡರು. ಆಯೋಗ ಲಾರಿಯ ಪರವಾಗಿಯೇ ತೀರ್ಪು ಕೊಟ್ಟಿತು. ಆದರೆ ಆ ತೀರ್ಪು ತಪ್ಪಾಗಿತ್ತು. ಕ್ಲೋರೋಫಾರ್ಮ್ ಅಳತೆ ಕಡಿಮೆ ಇದ್ದಾಗಲೂ ಹೃದಯದ ಬಡಿತವನ್ನು ಹಠಾತ್ತನೆ ಕೆಡಿಸಬಲ್ಲದು ಎಂದು 1911ರಲ್ಲಿ ಲೆವಿ ಎಂಬ ಇಂಗ್ಲಿಷ್ ವೈದ್ಯ ತೋರಿಸಿಕೊಟ್ಟ. ಹಾನ್ನಾ ಗ್ರೀನರ್ ಸತ್ತದ್ದೂ ಬಹುಶಃ ಹಾಗೆಯೇ.

ಹೈದರಾಬಾದಿನ ಪ್ರಯೋಗ ತಪ್ಪು ಉತ್ತರ ಕೊಟ್ಟಿತೆಂದು ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಉಸಿರಿನ ಮೇಲೆ ಕಣ್ಣಿಟ್ಟಿರಬೇಕು ಎಂಬ ಲಾರಿಯ ಒತ್ತಾಯದಲ್ಲಿ ಅರ್ಧ ಸತ್ಯವಿತ್ತು. ಕ್ಲೋರೋಫಾರ್ಮ್ ಇಪ್ಪತ್ತನೆಯ ಶತಮಾನದಲ್ಲಿ ಮೂಲೆಗೆ ಸರಿಯಿತು, ಅದರ ಜಾಗಕ್ಕೆ ಹೃದಯಕ್ಕೆ ಅಷ್ಟು ಕೇಡು ಮಾಡದ ಔಷಧಗಳು ಬಂದವು. ಬಂದ ಮೇಲೂ ಸಾವು ನಿಲ್ಲಲಿಲ್ಲ. 1954ರಲ್ಲಿ ಬೀಚರ್ ಮತ್ತು ಟಾಡ್ ಎಂಬ ಸಂಶೋಧಕರು ಅಮೆರಿಕದ ಹತ್ತು ಆಸ್ಪತ್ರೆಗಳ ಸುಮಾರು ಆರು ಲಕ್ಷ ಅರಿವಳಿಕೆಗಳ ಲೆಕ್ಕ ಪ್ರಕಟಿಸಿದರು. ಹೆಚ್ಚುಕಡಿಮೆ 1,500 ಮಂದಿಯಲ್ಲಿ ಒಬ್ಬರ ಸಾವಿನಲ್ಲಿ ಅರಿವಳಿಕೆಯ ಪಾತ್ರವಿತ್ತು. ಔಷಧ ಬದಲಾದರೂ ಜನ ಸಾಯುತ್ತಿದ್ದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕಿತ್ತು.

ಹುಡುಕಿದವರು ವೈದ್ಯರಿಗಿಂತ ಮೊದಲು ಒಬ್ಬ ಎಂಜಿನಿಯರ್. ಬಾಸ್ಟನ್ನಿನ ಅದೇ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಜೆಫ್ರಿ ಕೂಪರ್ ಮತ್ತು ಸಂಗಡಿಗರು, ವಿಮಾನ ಅಪಘಾತ ತನಿಖೆ ಮಾಡುವವರ ರೀತಿಯಲ್ಲಿ, ಸಾವಿನ ಅಂಚಿಗೆ ಹೋಗಿ ಬಂದ ಪ್ರಸಂಗಗಳನ್ನು ಅರಿವಳಿಕೆ ತಜ್ಞರಿಂದಲೇ ಕೇಳಿ ಬರೆದುಕೊಂಡರು. 1978ರಲ್ಲಿ ಅವರು ಪ್ರಕಟಿಸಿದ ವರದಿಯ ಪ್ರಕಾರ ತಪ್ಪಿಸಬಹುದಾಗಿದ್ದ ಪ್ರಸಂಗಗಳಲ್ಲಿ ಶೇ 82ರಷ್ಟರಲ್ಲಿ ಮನುಷ್ಯರ ತಪ್ಪಿತ್ತು. ಪದೇ ಪದೇ ಕಾಣಿಸಿದ್ದು ಯಾವುದೋ ನಿಗೂಢ ವಿಷಬಾಧೆಯಲ್ಲ. ಉಸಿರಿನ ಕೊಳವೆ ಕಳಚಿಕೊಂಡದ್ದು ಗೊತ್ತಾಗಲಿಲ್ಲ, ಸಿರಿಂಜುಗಳಲ್ಲಿ ಔಷಧ ಅದಲುಬದಲಾಯಿತು, ಅನಿಲದ ತಿರುಪನ್ನು ತಪ್ಪಾಗಿ ತಿರುಗಿಸಿದರು, ದಣಿದವರ ಗಮನ ತಪ್ಪಿತು. 1982ರಲ್ಲಿ ಎಬಿಸಿ ವಾಹಿನಿ ಅರಿವಳಿಕೆಯ ಅನಾಹುತಗಳ ಬಗ್ಗೆ ಒಂದು ಕಾರ್ಯಕ್ರಮ ಪ್ರಸಾರ ಮಾಡಿದಾಗ ಅಮೆರಿಕದ ಜನ ಬೆಚ್ಚಿಬಿದ್ದರು. ಆಗ ಅಲ್ಲಿನ ಅರಿವಳಿಕೆ ತಜ್ಞರ ಸಂಘದ ಮುಂದಾಳು ಎಲಿಸನ್ ಪಿಯರ್ಸ್ ಆರೋಪವನ್ನು ಅಲ್ಲಗಳೆಯಲು ಹೋಗಲಿಲ್ಲ. 1985ರಲ್ಲಿ ರೋಗಿಗಳ ಸುರಕ್ಷತೆಗೆಂದೇ ಒಂದು ಪ್ರತಿಷ್ಠಾನ ಕಟ್ಟಿದರು. 1986ರಲ್ಲಿ ಹಾರ್ವರ್ಡ್‌ನ ಆಸ್ಪತ್ರೆಗಳು, ಅದರ ಬೆನ್ನಿಗೇ ರಾಷ್ಟ್ರೀಯ ಸಂಘ, ಕಡ್ಡಾಯ ನಿಯಮಗಳನ್ನು ಬರೆದುಕೊಂಡವು. ಮುಖ್ಯ ನಿಯಮ ಯಂತ್ರದ ಬಗ್ಗೆ ಇರಲಿಲ್ಲ. ಅರಿವಳಿಕೆ ಕೊಡುವ ಅರ್ಹ ವ್ಯಕ್ತಿ ಶುರುವಿನಿಂದ ಕೊನೆಯವರೆಗೆ ಅದೇ ಕೋಣೆಯಲ್ಲಿ ಇರಲೇಬೇಕು ಎಂಬುದು ಆ ನಿಯಮ. ಇದನ್ನೂ ಬರೆದಿಡಬೇಕಾಯಿತೇ ಎಂದು ಅಚ್ಚರಿಯಾಗಬಹುದು. ಬರೆದಿಡದೆ ಹೋದ ಕಡೆಗಳಲ್ಲಿ ಇವತ್ತಿಗೂ ಏನಾಗುತ್ತಿದೆ ಎಂಬುದಕ್ಕೆ ಮುಂದೆ ಬರುತ್ತೇನೆ.

ಅದೇ ಹೊತ್ತಿಗೆ ಎರಡು ಉಪಕರಣಗಳು ಥಿಯೇಟರ್‌ಗಳಿಗೆ ಬಂದವು. ಒಂದು ಪಲ್ಸ್ ಆಕ್ಸಿಮೀಟರ್. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಂಡು ನಾವೆಲ್ಲ ಅಂಕಿ ನೋಡುತ್ತಿದ್ದ ಅದೇ ಪುಟ್ಟ ಸಾಧನ. ಜಪಾನಿನ ತಾಕುವೊ ಅಯೋಯಾಗಿ 1970ರ ದಶಕದ ಮೊದಲ ಭಾಗದಲ್ಲಿ ಬೇರೊಂದು ಅಳತೆಯ ಕೆಲಸದಲ್ಲಿದ್ದಾಗ ನಾಡಿ ಮಿಡಿತ ಅವರ ಲೆಕ್ಕವನ್ನು ಕೆಡಿಸುತ್ತಿತ್ತು. ಆ ಮಿಡಿತವನ್ನೇ ಬಳಸಿದರೆ ಚರ್ಮ ಚುಚ್ಚದೆ ರಕ್ತದ ಆಮ್ಲಜನಕ ಅಳೆಯಬಹುದೆಂದು ಅವರಿಗೆ ಹೊಳೆಯಿತು. ಅದಕ್ಕೂ ಮೊದಲು ರೋಗಿಯ ತುಟಿ, ಉಗುರು ನೀಲಿಯಾಗುವುದನ್ನು ನೋಡಿ ಅಪಾಯ ತಿಳಿಯಬೇಕಿತ್ತು. ನಮ್ಮಂಥ ಕಂದು ಮೈಬಣ್ಣದವರಲ್ಲಿ, ಮಂದ ಬೆಳಕಿನಲ್ಲಿ, ಅದು ಕಾಣುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ಇನ್ನೊಂದು ಕ್ಯಾಪ್ನೋಗ್ರಾಫ್. ಹೊರಬಿಡುವ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಇದು ಪ್ರತಿ ಉಸಿರಿಗೂ ಅಲೆಯಂತೆ ತೋರಿಸುತ್ತದೆ. ಕೊಳವೆ ಶ್ವಾಸನಾಳಕ್ಕೆ ಹೋಗುವ ಬದಲು ಅನ್ನನಾಳಕ್ಕೆ ಇಳಿದಿದ್ದರೆ ಅಲೆ ಕಾಣುವುದಿಲ್ಲ, ಕೆಲವೇ ಉಸಿರುಗಳಲ್ಲಿ ತಪ್ಪು ಗೊತ್ತಾಗುತ್ತದೆ. ಆಕ್ಸಿಮೀಟರ್ ಅಂಕಿ ಕುಸಿಯಲು ನಿಮಿಷಗಳೇ ಬೇಕು, ಮೊದಲೇ ಆಮ್ಲಜನಕ ತುಂಬಿಸಿಟ್ಟಿದ್ದರೆ ಇನ್ನೂ ಹೆಚ್ಚು. ಆಮ್ಲಜನಕ ಪೂರ್ತಿ ಕಡಿದುಹೋದ ಮಿದುಳು ತಾಳುವುದು ನಾಲ್ಕೈದು ನಿಮಿಷ ಮಾತ್ರ. ಒಂದು ಆಪರೇಷನ್‌ನಲ್ಲಿ ಜೀವ ಉಳಿಯುವುದೂ ಹೋಗುವುದೂ ಈ ಸಣ್ಣ ಅಂತರದಲ್ಲಿ.

ಫಲ ಸ್ಪಷ್ಟವಾಗಿದೆ. ಕೆನಡಾದ ಸಂಶೋಧಕರು 2012ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಎರಡು ಕೋಟಿಗೂ ಮಿಕ್ಕ ಅರಿವಳಿಕೆಗಳ ಲೆಕ್ಕ ಒಟ್ಟುಮಾಡಿ ಕೊಟ್ಟರು. ಬೇರೆ ಕಾರಣವಿಲ್ಲದೆ ಅರಿವಳಿಕೆಯಿಂದಲೇ ಆದ ಸಾವು 1970ಕ್ಕೆ ಮುಂಚೆ ಹತ್ತು ಲಕ್ಷಕ್ಕೆ 357 ಇತ್ತು. 1990ರ ನಂತರದ ವರ್ಷಗಳಲ್ಲಿ 34ಕ್ಕೆ ಇಳಿಯಿತು. ಇಳಿಕೆಯ ದೊಡ್ಡ ಪಾಲು ಶ್ರೀಮಂತ ದೇಶಗಳದ್ದು. ಅಭಿವೃದ್ಧಿ ಸೂಚ್ಯಂಕದಲ್ಲಿ ಕೆಳಗಿರುವ ದೇಶಗಳಲ್ಲಿ ಅಪಾಯ ಈಗಲೂ ಹಲವು ಪಟ್ಟು ಹೆಚ್ಚು. ಔಷಧ ಎರಡೂ ಕಡೆ ಬಹುಮಟ್ಟಿಗೆ ಒಂದೇ. ಮದ್ದೇ ಮೂಲ ಅಪಾಯವಾಗಿದ್ದರೆ ಇಷ್ಟೊಂದು ಅಂತರ ಬರುತ್ತಿರಲಿಲ್ಲ.

ಇದಕ್ಕೆ ನಮ್ಮ ದಕ್ಷಿಣ ಭಾರತದ್ದೇ ಒಂದು ನಿದರ್ಶನವಿದೆ. ಗಂಟಲಿಗೆ ಕೊಳವೆ ಇಳಿಸಲು ಸ್ನಾಯುಗಳನ್ನು ಸಡಿಲಗೊಳಿಸುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧವಿದೆ. ಸಾಮಾನ್ಯರಲ್ಲಿ ಇದರ ಪರಿಣಾಮ ಐದಾರು ನಿಮಿಷಕ್ಕೆ ಮುಗಿಯುತ್ತದೆ, ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ಆಂಧ್ರ, ತೆಲಂಗಾಣ, ತಮಿಳುನಾಡು, ಕರ್ನಾಟಕಗಳಲ್ಲಿ ನೆಲೆಸಿರುವ ವೈಶ್ಯ ಸಮುದಾಯದ ಕೆಲವರಲ್ಲಿ ಈ ಕಿಣ್ವವೇ ಇರುವುದಿಲ್ಲ. ತಲೆಮಾರುಗಳಿಂದ ಒಳಗೊಳಗೇ ಮದುವೆಯಾಗುತ್ತ ಬಂದದ್ದರಿಂದ ಒಂದು ವಂಶವಾಹಿ ಬದಲಾವಣೆ ಆ ಸಮುದಾಯದಲ್ಲಿ ಉಳಿದುಕೊಂಡಿದೆ. ಸಂಶೋಧಕರು ಅದನ್ನು ಗುರುತಿಸಿ ದಾಖಲಿಸಿದ್ದಾರೆ. ಇಂಥವರಿಗೆ ಆ ಔಷಧ ಕೊಟ್ಟರೆ ಐದು ನಿಮಿಷದ ಬದಲು ಗಂಟೆಗಟ್ಟಲೆ ಕೈಕಾಲು ಆಡುವುದಿಲ್ಲ, ಉಸಿರಾಡಲಾಗುವುದಿಲ್ಲ. ಹೊರಗೆ ಕಾಯುತ್ತಿರುವ ಮನೆಯವರಿಗೆ ‘ಇನ್ನೂ ಎದ್ದಿಲ್ಲ’ ಎಂಬ ಸುದ್ದಿ ಸಿಡಿಲಿನಂತೆ ಎರಗುತ್ತದೆ.

ಚಿಕಿತ್ಸೆ ಏನು? ವೆಂಟಿಲೇಟರ್‌ನಲ್ಲಿ ಉಸಿರು ಕೊಡುತ್ತ, ಮತ್ತು ಬರಿಸಿಟ್ಟು, ಕಾಯುವುದು. ಔಷಧ ತಾನಾಗಿ ಇಳಿಯುತ್ತದೆ, ರೋಗಿ ಮೊದಲಿನಂತೆ ಎದ್ದು ಕೂರುತ್ತಾರೆ. ವೆಂಟಿಲೇಟರ್ ಇದ್ದು, ವಿಷಯ ಬಲ್ಲವರು ಪಕ್ಕದಲ್ಲಿದ್ದರೆ ಇದು ಒಂದು ರಾತ್ರಿಯ ತಳಮಳ. ಇಲ್ಲದಿದ್ದರೆ ಸಾವು. ‘ನಮ್ಮ ಮನೆಯಲ್ಲಿ ಒಬ್ಬರಿಗೆ ಆಪರೇಷನ್ ಆದಮೇಲೆ ತುಂಬ ಹೊತ್ತು ಎಚ್ಚರವಾಗಿರಲಿಲ್ಲ’ ಎಂಬ ಒಂದು ಮಾತನ್ನು ಮುಂಚೆಯೇ ಹೇಳಿದ್ದರೆ ಬೇರೆ ಔಷಧ ಆರಿಸುತ್ತಿದ್ದರು, ಆ ರಾತ್ರಿಯೂ ಬರುತ್ತಿರಲಿಲ್ಲ. ಈ ಮಾತು ಕೇಳಿಸಿಕೊಳ್ಳಲು ಯಾರಾದರೂ ಹಿಂದಿನ ದಿನ ರೋಗಿಯ ಪಕ್ಕ ಹತ್ತು ನಿಮಿಷ ಕೂತಿರಬೇಕು.

ನಮ್ಮಲ್ಲಿ ಆಗದಿರುವುದು ಇದೇ. ತಾಲ್ಲೂಕು ಮಟ್ಟದ ಊರುಗಳ ಎಷ್ಟೋ ನರ್ಸಿಂಗ್ ಹೋಮ್‌ಗಳಲ್ಲಿ ಸ್ವಂತ ಅರಿವಳಿಕೆ ತಜ್ಞರಿಲ್ಲ. ಒಬ್ಬರೇ ವೈದ್ಯರು ಬೆಳಿಗ್ಗೆ ಒಂದು ಕಡೆ ಸಿಸೇರಿಯನ್, ಮಧ್ಯಾಹ್ನ ಇನ್ನೊಂದು ಕಡೆ ಹರ್ನಿಯಾ, ಸಂಜೆ ಮತ್ತೊಂದು ಕಡೆ ಮೂಳೆ ಆಪರೇಷನ್ ಎಂದು ಕಾರಿನಲ್ಲೋ ಸ್ಕೂಟರಿನಲ್ಲೋ ಓಡಾಡುತ್ತಿರುತ್ತಾರೆ. ರೋಗಿಯನ್ನು ಅವರು ಮೊದಲ ಸಲ ನೋಡುವುದು ಟೇಬಲ್ ಮೇಲೆಯೇ. ಸರ್ಜನ್ ಹೆಸರು ಮನೆಮಂದಿಗೆಲ್ಲ ಗೊತ್ತಿರುತ್ತದೆ, ‘ಅವರ ಕೈಗುಣ ಚೆನ್ನಾಗಿದೆ’ ಎಂದು ಹುಡುಕಿಕೊಂಡು ಹೋಗಿರುತ್ತಾರೆ. ಎರಡು ಗಂಟೆ ತಮ್ಮ ಉಸಿರು ಹಿಡಿದಿಟ್ಟವರ ಹೆಸರನ್ನು ಬಹುತೇಕರು ಕೇಳಿಯೇ ಇರುವುದಿಲ್ಲ. ರೋಗಿ ಕಣ್ಣು ತೆರೆದು ಹೆಸರಿಗೆ ಓಗೊಟ್ಟ ಕೂಡಲೇ ಅವರು ಮುಂದಿನ ಆಸ್ಪತ್ರೆಗೆ ಹೊರಡಬೇಕು. ಮತ್ತು ಪೂರ್ತಿ ಇಳಿಯದ ಆ ಮೊದಲ ಒಂದೆರಡು ಗಂಟೆ ನಾಲಿಗೆ ಹಿಂದಕ್ಕೆ ಬೀಳಬಹುದು, ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು, ನೋವಿನ ಔಷಧದಿಂದ ಉಸಿರು ಮಂದವಾಗಬಹುದು. ಆಗ ಪಕ್ಕದಲ್ಲಿರುವುದು ತರಬೇತಿ ಇಲ್ಲದ ಸಹಾಯಕಿ, ಅಥವಾ ಮನೆಯವರೇ. ನಾನು ಆ ಓಡಾಡುವ ವೈದ್ಯರನ್ನು ದೂರುತ್ತಿಲ್ಲ. ಅವರು ಇಲ್ಲದಿದ್ದರೆ ಆ ಊರುಗಳಲ್ಲಿ ಆಪರೇಷನ್ನೇ ಇಲ್ಲ. ದೂರಬೇಕಾದದ್ದು ಅವರನ್ನು ಹಾಗೆ ಓಡಿಸುವ, ಅವರ ಕೆಲಸಕ್ಕೆ ಬಿಲ್ಲಿನಲ್ಲಿ ಒಂದು ಸಾಲನ್ನೂ ಕೊಡದ ಪದ್ಧತಿಯನ್ನು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಜಾಗತಿಕ ಅರಿವಳಿಕೆ ಸಂಘಟನೆಗಳು ಲಕ್ಷ ಜನರಿಗೆ ಕನಿಷ್ಠ ಐದು ಮಂದಿ ಅರಿವಳಿಕೆ ವೈದ್ಯರು ಬೇಕೆನ್ನುತ್ತವೆ. ಭಾರತ ಅದರ ಹತ್ತಿರಕ್ಕೂ ಬಂದಿಲ್ಲ. ಇರುವವರೂ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಸೇರಿಕೊಂಡಿದ್ದಾರೆ. ಹೀಗಿರುವಾಗ ಎಲ್ಲ ನಿಯಮ ಪಾಲಿಸದೆ ಆಪರೇಷನ್ ಮಾಡಬಾರದು ಎಂದರೆ ಯಾದಗಿರಿಯಲ್ಲೋ ಚಾಮರಾಜನಗರದಲ್ಲೋ ರಾತ್ರಿ ಎರಡು ಗಂಟೆಗೆ ರಕ್ತಸ್ರಾವದಿಂದ ಬಂದ ಬಾಣಂತಿಯನ್ನು ನೂರು ಕಿಲೊಮೀಟರ್ ಆಚೆಗೆ ಕಳಿಸಬೇಕಾಗುತ್ತದೆ, ದಾರಿಯಲ್ಲೇ ಆಕೆ ಸಾಯಬಹುದು. ನಿಯಮದ ಹೆಸರಿನಲ್ಲಿ ಇನ್ನೊಂದು ಬಗೆಯ ಸಾವನ್ನು ತರುತ್ತಿದ್ದೀರಿ ಎಂದು ಹಳ್ಳಿಗಾಡಿನಲ್ಲಿ ದುಡಿದ ವೈದ್ಯರು ಹೇಳಿದರೆ ಅದಕ್ಕೆ ತಲೆಬಾಗಲೇಬೇಕು.

ಆದರೆ ತುರ್ತು ಸ್ಥಿತಿಗೆ ಹೇಳಿದ ಮಾತನ್ನು ತುರ್ತಲ್ಲದ ಆಪರೇಷನ್‌ಗಳಿಗೆ ಹೊದಿಸುವುದು ಸರಿಯಲ್ಲ. ಬಾಣಂತಿಯ ಜೀವ ಉಳಿಸಲೆಂದೇ ಕೇಂದ್ರ ಸರ್ಕಾರ ಎಂಬಿಬಿಎಸ್ ವೈದ್ಯರಿಗೆ 18 ವಾರಗಳ ಜೀವರಕ್ಷಕ ಅರಿವಳಿಕೆ ತರಬೇತಿ ಶುರುಮಾಡಿತು. ಅದನ್ನು ಇನ್ನಷ್ಟು ಬಲಪಡಿಸಬೇಕು, ತರಬೇತಿ ಪಡೆದವರನ್ನು ಅದೇ ಕೆಲಸಕ್ಕೆ ಹಾಕಬೇಕು. ಹರ್ನಿಯಾ, ಪಿತ್ತಕೋಶ, ಗರ್ಭಕೋಶದ ಆಪರೇಷನ್‌ಗಳು ಮಾತ್ರ ವಾರವೋ ತಿಂಗಳೋ ಕಾಯಬಲ್ಲವು. ಕೊಬ್ಬು ಕರಗಿಸುವುದು, ಮೂಗು ತಿದ್ದುವುದು, ಕೂದಲು ನೆಡುವುದು ಜೀವಮಾನವೇ ಕಾಯಬಲ್ಲವು. ಈ ಸೌಂದರ್ಯ ಚಿಕಿತ್ಸೆಯ ಕ್ಲಿನಿಕ್‌ಗಳಲ್ಲಿ, ಮಕ್ಕಳಿಗೆ ಮತ್ತು ಕೊಟ್ಟು ಹಲ್ಲು ಕೀಳುವ ಕೆಲವು ದಂತ ಚಿಕಿತ್ಸಾಲಯಗಳಲ್ಲಿ, ಕೊರತೆಗೆ ಬಡತನದ ನೆಪವೂ ಇಲ್ಲ. ‘ಪೂರ್ತಿ ಮತ್ತಲ್ಲ, ಸ್ವಲ್ಪ ಮಂಪರು ಅಷ್ಟೆ’ ಎಂದು ಹೇಳಿ ಕೊಡುವ ಔಷಧಕ್ಕೂ ಪೂರ್ಣ ಅರಿವಳಿಕೆಗೂ ನಡುವೆ ಗೋಡೆಯಿಲ್ಲ. ಒಂದೆರಡು ಮಿಲಿ ಹೆಚ್ಚಾದರೆ ಉಸಿರು ನಿಲ್ಲಬಹುದು. ಉಸಿರು ಕೊಡಬಲ್ಲವರಿಲ್ಲದ ಜಾಗದಲ್ಲಿ ಅಂಥ ಔಷಧ ಕೊಡುವುದನ್ನು ನಾನು ಅಪರಾಧವೆಂದೇ ಎಣಿಸುತ್ತೇನೆ.

ಯಂತ್ರ ಕೊಂಡುಬಿಟ್ಟರೆ ಎಲ್ಲ ಸರಿಹೋಗುತ್ತದೆಂಬ ಭ್ರಮೆಯೂ ಬೇಡ. 2016ರಲ್ಲಿ ಇಂದೋರಿನ ದೊಡ್ಡ ಸರ್ಕಾರಿ ಆಸ್ಪತ್ರೆಯ ಹೊಸ ಥಿಯೇಟರ್‌ನಲ್ಲಿ ಇಬ್ಬರು ಮಕ್ಕಳು ಸತ್ತರು. ಆಮ್ಲಜನಕ ಬರಬೇಕಿದ್ದ ಕೊಳವೆಯಲ್ಲಿ ನೈಟ್ರಸ್ ಆಕ್ಸೈಡ್ ಬಂದಿತ್ತು. ಅನಿಲದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅಳೆಯದೆ ಥಿಯೇಟರ್ ತೆರೆಯಬಾರದೆಂಬ ಶಿಸ್ತು ಇದ್ದಿದ್ದರೆ ಆ ಮಕ್ಕಳು ಉಳಿಯುತ್ತಿದ್ದರು.

ಇಂಗ್ಲೆಂಡಿನ ಎಲೇನ್ ಬ್ರೊಮಿಲಿ ಪ್ರಕರಣ ಇನ್ನೂ ಆಳಕ್ಕೆ ಹೋಗುತ್ತದೆ. 2005ರ ಮಾರ್ಚ್‌ನಲ್ಲಿ ಸೈನಸ್ ಆಪರೇಷನ್‌ಗೆ ಹೋದ 37 ವರ್ಷದ ಆರೋಗ್ಯವಂತ ಮಹಿಳೆ ಈಕೆ, ಎರಡು ಮಕ್ಕಳ ತಾಯಿ. ಮತ್ತು ಕೊಟ್ಟ ಮೇಲೆ ಗಂಟಲಿಗೆ ಕೊಳವೆ ಇಳಿಯಲಿಲ್ಲ, ಮಾಸ್ಕಿನಿಂದಲೂ ಉಸಿರು ಹೋಗಲಿಲ್ಲ. ಅನುಭವಿಗಳಾದ ಮೂವರು ಹಿರಿಯ ವೈದ್ಯರು ಕೋಣೆಯಲ್ಲಿದ್ದರು, ಮಾನಿಟರ್‌ಗಳಿದ್ದವು, ಆಮ್ಲಜನಕದ ಅಂಕಿ ಕುಸಿಯುವುದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಅವರು ಕೊಳವೆ ಇಳಿಸುವ ಪ್ರಯತ್ನವನ್ನೇ ಮತ್ತೆ ಮತ್ತೆ ಮಾಡುತ್ತ ಹೋದರು. ಕತ್ತಿನ ಮುಂಭಾಗದಿಂದ ಶ್ವಾಸನಾಳಕ್ಕೆ ದಾರಿ ಮಾಡುವ ಸಲಕರಣೆಯನ್ನು ಒಬ್ಬ ದಾದಿ ತಂದು, ಸಿದ್ಧವಾಗಿದೆ ಎಂದಳು. ಇನ್ನೊಬ್ಬಳು ತೀವ್ರ ನಿಗಾ ಘಟಕದಲ್ಲಿ ಹಾಸಿಗೆ ಕೇಳಿ ಬಂದಳು. ವೈದ್ಯರು ಕಿವಿಗೊಡಲಿಲ್ಲ, ದಾದಿಯರು ಮತ್ತೆ ಒತ್ತಿ ಹೇಳಲಿಲ್ಲ. ಹದಿಮೂರು ದಿನಗಳ ನಂತರ ಎಲೇನ್ ತೀರಿಕೊಂಡಳು. ಆಕೆಯ ಗಂಡ ಮಾರ್ಟಿನ್ ವಿಮಾನ ಪೈಲಟ್. ಯಾರನ್ನೂ ಜೈಲಿಗೆ ಕಳಿಸಿ ಎಂದು ಅವರು ಕೇಳಲಿಲ್ಲ. ನಮ್ಮ ವೃತ್ತಿಯಲ್ಲಿ ಅಪಘಾತವಾದರೆ ತನಿಖೆ ಆಗುತ್ತದೆ, ಮುಂದಿನ ಪೈಲಟ್ ಕಲಿಯುತ್ತಾನೆ, ನಿಮ್ಮಲ್ಲಿ ಹಾಗೇಕಿಲ್ಲ ಎಂಬುದು ಅವರ ಪ್ರಶ್ನೆಯಾಗಿತ್ತು. ಸ್ವತಂತ್ರ ತನಿಖೆಯಾಯಿತು. ವೈದ್ಯಕೀಯದಲ್ಲಿ ಮನುಷ್ಯ ಸಹಜ ತಪ್ಪುಗಳ ಬಗ್ಗೆ ಕೆಲಸ ಮಾಡುವ ಒಂದು ಸಂಘಟನೆಯನ್ನು 2007ರಲ್ಲಿ ಅವರೇ ಕಟ್ಟಿದರು. ಇವತ್ತು ಜಗತ್ತಿನ ಅನೇಕ ಕಡೆ ಅರಿವಳಿಕೆ ಕಲಿಯುವವರು ಎಲೇನ್ ಪ್ರಕರಣವನ್ನು ಪಾಠವಾಗಿ ಓದುತ್ತಾರೆ.

ನಮ್ಮ ಥಿಯೇಟರ್‌ಗಳಲ್ಲಿ ನರ್ಸಮ್ಮ ‘ಸರ್, ಇದು ಸರಿಯಾಗುತ್ತಿಲ್ಲ’ ಎಂದು ಹಿರಿಯ ವೈದ್ಯರಿಗೆ ಹೇಳಬಲ್ಲಳೇ? ಹೇಳಿದರೆ ಮರುದಿನ ಅವಳ ಕೆಲಸ ಇರುತ್ತದೆಯೇ? ಹುದ್ದೆ, ವಯಸ್ಸು, ಜಾತಿಗಳ ಮೆಟ್ಟಿಲು ಇಂಗ್ಲೆಂಡಿಗಿಂತ ನಮ್ಮಲ್ಲಿ ಹೆಚ್ಚು ಕಡಿದಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಶಸ್ತ್ರಚಿಕಿತ್ಸಾ ತಪಾಸಣಾ ಪಟ್ಟಿ ಈ ಮೆಟ್ಟಿಲನ್ನು ಒಂದು ನಿಮಿಷದ ಮಟ್ಟಿಗಾದರೂ ಸಮತಟ್ಟು ಮಾಡುತ್ತದೆ. ಕತ್ತರಿ ಹಾಕುವ ಮುನ್ನ ಎಲ್ಲರೂ ತಮ್ಮ ಹೆಸರು ಹೇಳಬೇಕು, ರೋಗಿ ಯಾರು, ಆಪರೇಷನ್ ಯಾವುದು, ಆಕ್ಸಿಮೀಟರ್ ಕೆಲಸ ಮಾಡುತ್ತಿದೆಯೇ, ಅಲರ್ಜಿ ಇದೆಯೇ ಎಂದು ಗಟ್ಟಿಯಾಗಿ ಕೇಳಬೇಕು. ದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಪರೀಕ್ಷಿಸಿದಾಗ ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. ಒಂದು ಕಾಗದ, ಒಂದು ಪೆನ್ನು, ಒಂದಿಷ್ಟು ವಿನಯ ಇದ್ದರೆ ಸಾಕು. ನಮ್ಮ ಎಷ್ಟೋ ಆಸ್ಪತ್ರೆಗಳಲ್ಲಿ ಆ ಪಟ್ಟಿಯನ್ನು ಆಪರೇಷನ್ ಮುಗಿದ ಮೇಲೆ ಕಡತಕ್ಕಾಗಿ ತುಂಬುತ್ತಾರೆ.

ಜನರ ಇತರ ಭಯಗಳಲ್ಲಿ ಕೆಲವು ಆಧಾರವಿಲ್ಲದವು, ಕೆಲವು ನಿಜ. ಸಿಸೇರಿಯನ್ ಆದಾಗ ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿಂದಲೇ ಜೀವನಪರ್ಯಂತ ಸೊಂಟನೋವು ಎಂದು ನಂಬಿದ ಹೆಂಗಸರು ಲಕ್ಷಾಂತರ. ಅಧ್ಯಯನಗಳಲ್ಲಿ ಆ ನಂಟು ಸಾಬೀತಾಗಿಲ್ಲ, ಹೆರಿಗೆಯ ನಂತರದ ಬೆನ್ನುನೋವು ಇಂಜೆಕ್ಷನ್ ಪಡೆಯದವರಲ್ಲೂ ಅಷ್ಟೇ ಇದೆ. ಮಕ್ಕಳ ಬುದ್ಧಿ ಮಂಕಾಗುತ್ತದೆಂಬ ಹೆತ್ತವರ ಆತಂಕಕ್ಕೆ 2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನ ಸ್ವಲ್ಪ ಸಮಾಧಾನ ತಂದಿದೆ: ಹಸುಗೂಸುಗಳಿಗೆ ಒಮ್ಮೆ, ಒಂದು ಗಂಟೆಯೊಳಗಿನ ಅರಿವಳಿಕೆ ಕೊಟ್ಟರೆ ಐದನೆಯ ವಯಸ್ಸಿನಲ್ಲಿ ಬುದ್ಧಿಮತ್ತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆಪರೇಷನ್ ನಡುವೆ ಎಚ್ಚರವಾಗಿಬಿಟ್ಟರೆ ಎಂಬ ಭಯ ಪೂರ್ತಿ ಸುಳ್ಳಲ್ಲ. ಬ್ರಿಟನ್ ಮತ್ತು ಐರ್ಲೆಂಡಿನ 2014ರ ವರದಿಯ ಪ್ರಕಾರ ಸುಮಾರು 19,000ದಲ್ಲಿ ಒಬ್ಬರು ಹಾಗಾಯಿತೆಂದು ದೂರಿದ್ದರು, ಪೂರ್ಣ ಅರಿವಳಿಕೆಯ ಸಿಸೇರಿಯನ್‌ಗಳಲ್ಲಿ ಇದು ಹೆಚ್ಚು. ಅದು ಅನುಭವಿಸಿದವರಿಗೆ ವರ್ಷಗಟ್ಟಲೆ ಕಾಡುವ ಘೋರ ಅನುಭವ, ‘ನಿಮಗೆ ಭ್ರಮೆ’ ಎಂದು ತಳ್ಳಬಾರದು. ವಯಸ್ಸಾದವರು ಆಪರೇಷನ್ ನಂತರ ಒಂದೆರಡು ದಿನ ಗೊಂದಲಗೊಂಡು ಮನೆಯವರನ್ನೇ ಗುರುತಿಸದಿರುವುದು ನಿಜ ಮತ್ತು ಸಾಮಾನ್ಯ. ಕನ್ನಡಕ, ಶ್ರವಣಸಾಧನ ಬೇಗ ಕೊಟ್ಟು, ಪರಿಚಿತ ಮುಖವೊಂದು ಹತ್ತಿರವಿದ್ದರೆ ಅದು ಎಷ್ಟೋ ಕಡಿಮೆಯಾಗುತ್ತದೆ.

ರೋಗಿಯ ಕಡೆಯ ಹೊಣೆಯೂ ಇದೆ. ‘ಪಾಪ, ಹಸಿದುಕೊಂಡಿದೆ’ ಎಂದು ಆಪರೇಷನ್ ಬೆಳಿಗ್ಗೆ ಅಜ್ಜಿ ಮಗುವಿಗೆ ಗುಟ್ಟಾಗಿ ತಿನ್ನಿಸಿದ ಇಡ್ಲಿ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಹಾಲು ಹಾಕಿದ ಕಾಫಿಯೂ ಊಟದ ಲೆಕ್ಕವೇ, ಆರು ಗಂಟೆ ಅಂತರ ಬೇಕು. ತೂಕ ಇಳಿಸಲು ವಾರಕ್ಕೊಮ್ಮೆ ತೆಗೆದುಕೊಳ್ಳುವ ಹೊಸ ಇಂಜೆಕ್ಷನ್‌ಗಳು ಹೊಟ್ಟೆ ಖಾಲಿಯಾಗುವುದನ್ನು ತಡಮಾಡುತ್ತವೆ, ಅದನ್ನು ವೈದ್ಯರಿಗೆ ಹೇಳಲೇಬೇಕು. ಅಡಿಕೆ ಬೆಳೆಯುವ ನಾಡಿನವರಾದ ನಮಗೆ ಇನ್ನೊಂದು ಮಾತು: ಗುಟ್ಕಾ, ಅಡಿಕೆ ಜಗಿದು ಬಾಯಿಯ ಒಳಪದರ ಗಟ್ಟಿಯಾಗಿ ಮೂರು ಬೆರಳಿನಷ್ಟೂ ಬಾಯಿ ತೆರೆಯಲಾಗದವರು ಅರಿವಳಿಕೆ ತಜ್ಞರಿಗೆ ದೊಡ್ಡ ಸವಾಲು. ಗಂಟಲು ಕಾಣದಿದ್ದರೆ ಕೊಳವೆ ಇಳಿಸುವುದು ಹೇಗೆ? ಮೊದಲೇ ಗೊತ್ತಿದ್ದರೆ ಎಚ್ಚರವಿರುವಾಗಲೇ ಮೂಗಿನ ಮೂಲಕ ಸಣ್ಣ ದುರ್ಬೀನು ಹಾಕಿ ಇಳಿಸುವ ವಿಧಾನವಿದೆ. ಕುಡಿತದ ಅಭ್ಯಾಸವನ್ನು ಹೆಂಡತಿ ಮಕ್ಕಳ ಮುಂದೆ ಹೇಳಲು ನಾಚಿಕೆಯಾದರೆ ವೈದ್ಯರಿಗೆ ಒಂಟಿಯಾಗಿ ಹೇಳಿ.

ಇನ್ನು ಒಪ್ಪಿಗೆ ಪತ್ರ. ಆಪರೇಷನ್ ಬೆಳಿಗ್ಗೆ, ಅಕ್ಷರ ಕಾಣದ ಇಂಗ್ಲಿಷ್ ಫಾರಂ ಮೇಲೆ ಗಂಡನೋ ಮಗನೋ ಸಹಿ ಹಾಕುವುದೇ ನಮ್ಮಲ್ಲಿ ಒಪ್ಪಿಗೆ ಎನಿಸಿಕೊಂಡಿದೆ. 2008ರಲ್ಲಿ ಸಮೀರಾ ಕೋಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಿದ್ದಿದೆ. ತಪಾಸಣೆಗೆಂದು ಅರಿವಳಿಕೆ ಪಡೆದು ಮಲಗಿದ್ದ ಮಹಿಳೆಯ ಗರ್ಭಕೋಶವನ್ನು, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಗಿತ್ತು. ಪ್ರಾಣಾಪಾಯವಿಲ್ಲದಾಗ ಪ್ರಾಪ್ತ ವಯಸ್ಕಳ ಪರವಾಗಿ ತಾಯಿಯೂ ಒಪ್ಪಿಗೆ ಕೊಡಲಾಗದು, ತಪಾಸಣೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಸಲ್ಲದು ಎಂದು ಕೋರ್ಟ್ ಹೇಳಿತು. ಪ್ರಜ್ಞೆ ಇಲ್ಲದೆ ಮಲಗಿದಾಗಲೂ ಆ ದೇಹ ಆಕೆಯದೇ. ಅರಿವಳಿಕೆಗೆ ಪ್ರತ್ಯೇಕ ಒಪ್ಪಿಗೆ, ಕನ್ನಡದಲ್ಲಿ, ಅರಿವಳಿಕೆ ವೈದ್ಯರ ಬಾಯಿಂದಲೇ ವಿವರಣೆ ಕೇಳಿದ ಮೇಲೆ ಪಡೆಯುವುದು ಎಲ್ಲ ಆಸ್ಪತ್ರೆಗಳಲ್ಲೂ ರೂಢಿಯಾಗಬೇಕು.

ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳ ನೋಂದಣಿಗೆ 2007ರ ಕಾಯ್ದೆಯೇ ಇದೆ. ಅರಿವಳಿಕೆ ಕೊಡುವ ಪ್ರತಿಯೊಂದು ಕೋಣೆಯಲ್ಲೂ ಆಕ್ಸಿಮೀಟರ್, ಕ್ಯಾಪ್ನೋಗ್ರಾಫ್, ಉಸಿರು ಕೊಡುವ ಸಲಕರಣೆ, ಎಚ್ಚರಗೊಳ್ಳುವ ರೋಗಿಯನ್ನು ನೋಡಿಕೊಳ್ಳಲು ತರಬೇತಾದ ಸಿಬ್ಬಂದಿ ಇವೆಯೇ ಎಂದು ಪರವಾನಗಿ ಕೊಡುವಾಗಲೂ ನವೀಕರಿಸುವಾಗಲೂ ನೋಡಬೇಕು. ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಿಗೂ ಅದೇ ಅಳತೆಗೋಲು. ಥಿಯೇಟರ್‌ನಲ್ಲಿ ಸಂಭವಿಸಿದ ಪ್ರತಿ ಸಾವನ್ನೂ ತಾಯಂದಿರ ಮರಣದ ಪರಿಶೀಲನೆ ನಡೆಯುವ ಹಾಗೆ ತಜ್ಞರ ಸಮಿತಿ ಪರಿಶೀಲಿಸಿ, ಹೆಸರು ಬಿಟ್ಟು ಕಾರಣವನ್ನು ಪ್ರಕಟಿಸಬೇಕು. ಗಾಜು ಒಡೆಯುವುದರಿಂದ ಮುಂದಿನ ರೋಗಿ ಉಳಿಯುವುದಿಲ್ಲ. ಕಾರಣ ಗೊತ್ತಾದರೆ ಉಳಿಯಬಹುದು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ನಿಗದಿಯಾಗಿದ್ದರೆ ಹಿಂದಿನ ದಿನವೇ ಅರಿವಳಿಕೆ ವೈದ್ಯರನ್ನು ಭೇಟಿ ಮಾಡಿಸಿ ಎಂದು ಕೇಳಿ. ಅವರ ಹೆಸರು ಬರೆದಿಟ್ಟುಕೊಳ್ಳಿ. ಆಪರೇಷನ್ ಮುಗಿಯುವವರೆಗೂ ನೀವೇ ಇರುತ್ತೀರಾ, ಕ್ಯಾಪ್ನೋಗ್ರಾಫ್ ಇದೆಯಾ, ಎಚ್ಚರವಾದ ಮೇಲೆ ಎರಡು ಗಂಟೆ ಪಕ್ಕದಲ್ಲಿ ಯಾರಿರುತ್ತಾರೆ ಎಂದು ವಿಚಾರಿಸಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರ ಪಡುವುದಿಲ್ಲ. ಸಮಾಧಾನದ ಉತ್ತರ ಸಿಗದಿದ್ದರೆ, ಮತ್ತು ಆಪರೇಷನ್ ಕಾಯಬಲ್ಲದ್ದಾದರೆ, ಬೇರೆ ಆಸ್ಪತ್ರೆಗೆ ಹೋಗಿ.